ಪಾಳುಬಿದ್ದ ದವಾಖಾನೆಯ ಚಿತ್ರ ತೆಗೆಯುವವರಿಗೆ: ಅನುಮತಿಯಿಂದ ಅಡಿಬರಹದವರೆಗೆ

ಅಮೆರಿಕ, ಇಂಗ್ಲೆಂಡ್, ಇಟಲಿಗಳಲ್ಲಿ ಮುಚ್ಚಿಹೋಗಿ ಪಾಳುಬಿದ್ದಿರುವ ಮಾನಸಿಕ ಆಸ್ಪತ್ರೆಗಳ ಛಾಯಾಚಿತ್ರಗಳನ್ನು ನೋಡಿದ ಓದುಗರು, ಅದರಲ್ಲೂ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಎಳೆಯ ಛಾಯಾಗ್ರಾಹಕರು, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಸುಲಿದು ನಿಂತ ಬಣ್ಣ, ಉದ್ದನೆಯ ಖಾಲಿ ಕಾರಿಡಾರು, ಧೂಳಿನ ಮೇಲೆ ಇಳಿದ ಕಿಟಕಿಯ ಬೆಳಕು, ಇಂಥವನ್ನು ನಮ್ಮ ಭಾಗದಲ್ಲಿ ತೆಗೆಯಲು ಸಾಧ್ಯವೇ, ಸಾಧ್ಯವಿದ್ದರೆ ಯಾರನ್ನು ಕೇಳಬೇಕು, ಏನನ್ನು ಒಯ್ಯಬೇಕು ಎಂಬುದು ಆ ಪ್ರಶ್ನೆ. ಸಾಧ್ಯವಿದೆ. ಆ ದೇಶಗಳಲ್ಲಿರುವಂಥ ಬೃಹತ್ ಮಾನಸಿಕ ಆಸ್ಪತ್ರೆಯ ಅವಶೇಷ ನಮ್ಮ ಮೂರು ಜಿಲ್ಲೆಗಳಲ್ಲಿ ಸಿಗುವುದಿಲ್ಲವಾದರೂ, ಬಳಕೆ ತಪ್ಪಿದ ಹಳೆಯ ದವಾಖಾನೆಗಳು, ಕಾರ್ಖಾನೆ ಮತ್ತು ರೈಲ್ವೆ ವಸತಿಗಳ ಚಿಕಿತ್ಸಾಲಯಗಳು, ಬೀಗ ಬಿದ್ದ ಆರೋಗ್ಯ ಕೇಂದ್ರಗಳು ಇಲ್ಲಿಯೂ ಇವೆ. ಆ ಕಟ್ಟಡಗಳಲ್ಲಿ ಚಿತ್ರ ತೆಗೆಯುವ ಕ್ರಮವನ್ನು ಹಂತ ಹಂತವಾಗಿ ಕೆಳಗೆ ಕೊಟ್ಟಿದ್ದೇನೆ. ಹೊರದೇಶದಲ್ಲಿದ್ದು ನಿಜವಾದ ಹಳೆಯ ಮಾನಸಿಕ ಆಸ್ಪತ್ರೆಯನ್ನೇ ನೋಡಬಯಸುವವರಿಗೂ ಇದರ ಬಹುಭಾಗ ಅನ್ವಯಿಸುತ್ತದೆ.

ಒಂದು ಮಾತನ್ನು ಆರಂಭದಲ್ಲಿಯೇ ಹೇಳಬೇಕು. ಈ ಕಟ್ಟಡಗಳ ಸೌಂದರ್ಯ ನಿಜವಾದದ್ದು, ಅದನ್ನು ಬಯಸುವುದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿ ಮಲಗಿದ್ದವರು ಯಾರದೋ ಅಕ್ಕ, ಯಾರದೋ ತಂದೆ ಆಗಿದ್ದರು. ಕಟ್ಟಡ ನೋಡುವವರ ಕಣ್ಣಿಗೆ ಸೇರಿರಬಹುದು, ಆ ಜನರ ಸಂಕಟ ಮಾತ್ರ ನಮ್ಮ ಚಿತ್ರಕ್ಕೆ ಸರಕಲ್ಲ. ಮುಂದಿನ ಎಲ್ಲ ಸೂಚನೆಗಳೂ ಈ ನಂಬಿಕೆಯಿಂದಲೇ ಹೊರಟಿವೆ.

ಹಂತ 1: ಆ ಕಟ್ಟಡ ಏಕೆ ಹಾಗಿದೆ ಎಂಬುದನ್ನು ಮೊದಲು ಓದಿಕೊಳ್ಳಿ

ನೀವು ನೋಡಿದ ಅಮೆರಿಕದ ಚಿತ್ರಗಳಲ್ಲಿ ಹಲವು ಕರ್ಕ್‌ಬ್ರೈಡ್ ವಿನ್ಯಾಸದ ಕಟ್ಟಡಗಳವು. ಫಿಲಡೆಲ್ಫಿಯಾದ ವೈದ್ಯ ಥಾಮಸ್ ಸ್ಟೋರಿ ಕರ್ಕ್‌ಬ್ರೈಡ್ ಅವರು ಮಾನಸಿಕ ರೋಗಿಗಳ ಆಸ್ಪತ್ರೆಯನ್ನು ಹೇಗೆ ಕಟ್ಟಬೇಕೆಂಬುದನ್ನು 1854ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ನಡುವೆ ಆಡಳಿತದ ಕಟ್ಟಡ, ಅದರ ಎಡಬಲಕ್ಕೆ ಮೆಟ್ಟಿಲಿನಂತೆ ಒಂದರ ಹಿಂದೊಂದು ಸರಿದು ನಿಂತ ವಾರ್ಡುಗಳ ಸಾಲು, ಪ್ರತಿ ವಾರ್ಡಿಗೂ ಸ್ವತಂತ್ರವಾದ ಗಾಳಿ ಬೆಳಕು, ಸುತ್ತಲೂ ತೋಟ ಮತ್ತು ಹೊಲ, ಇದು ಅವರ ಯೋಜನೆ. ಕಿಟಕಿಗಳಿಗೆ ಸೆರೆಮನೆಯ ಸರಳುಗಳು ಕಾಣಬಾರದೆಂದು ಚೌಕಟ್ಟನ್ನೇ ಎರಕದ ಕಬ್ಬಿಣದಲ್ಲಿ ಮಾಡಿಸಿ, ಮನೆಯ ಸಾಧಾರಣ ಕಿಟಕಿಯಂತೆ ತೋರುವ ಹಾಗೆ ಅವರು ಸೂಚಿಸಿದ್ದರು. ಬೆಳಕೇ ಅರ್ಧ ಔಷಧ ಎಂಬ ನಂಬಿಕೆಯಿಂದ ಕಟ್ಟಿದ ಕಟ್ಟಡಗಳು ಅವು. ಇಂದು ನಮ್ಮನ್ನು ಸೆಳೆಯುವ ಆ ಉದ್ದನೆಯ ಬೆಳಕಿನ ಪಟ್ಟಿಗಳು ಪಾಳುಬಿದ್ದದ್ದರಿಂದ ಹುಟ್ಟಿದವಲ್ಲ, ರೋಗಿಗೆ ನೆಮ್ಮದಿ ಸಿಗಲೆಂದು ಯಾರೋ ಎಣಿಸಿ ಇಟ್ಟವು. ಇದನ್ನು ತಿಳಿದವರ ಚಿತ್ರಕ್ಕೂ ತಿಳಿಯದವರ ಚಿತ್ರಕ್ಕೂ ವ್ಯತ್ಯಾಸ ಕಾಣುತ್ತದೆ.

ಆ ಯೋಜನೆ ಕೆಟ್ಟದ್ದು ಹೆಚ್ಚಾಗಿ ಜನದಟ್ಟಣೆಯಿಂದ. ವೆಸ್ಟ್ ವರ್ಜೀನಿಯಾದ ವೆಸ್ಟನ್ ಊರಿನ ಆಸ್ಪತ್ರೆಯನ್ನು 250 ರೋಗಿಗಳಿಗೆಂದು ಕಟ್ಟಲಾಯಿತು. 1864ರಲ್ಲಿ ಅದು ರೋಗಿಗಳನ್ನು ಸೇರಿಸಿಕೊಳ್ಳತೊಡಗಿತು, 1950ರ ದಶಕದ ಹೊತ್ತಿಗೆ ಅಲ್ಲಿ ಸುಮಾರು 2,400 ಜನರಿದ್ದರು. 1955ರಲ್ಲಿ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿದ್ದವರ ಒಟ್ಟು ಸಂಖ್ಯೆ ಸುಮಾರು 5.6 ಲಕ್ಷ. ಆನಂತರ ತೀವ್ರ ಮಾನಸಿಕ ಕಾಯಿಲೆಯ ಲಕ್ಷಣಗಳನ್ನು ಹತೋಟಿಗೆ ತರುವ ಕ್ಲೋರ್‌ಪ್ರೊಮಜೀನ್ ಎಂಬ ಔಷಧ, ಊರಿನಲ್ಲಿಯೇ ಚಿಕಿತ್ಸೆ ಕೊಡಬೇಕೆಂಬ 1963ರ ಕಾನೂನು, ಮತ್ತು ಬದಲಾದ ಹಣಕಾಸಿನ ನೀತಿಗಳು ಸೇರಿ ಆ ಬೃಹತ್ ಕಟ್ಟಡಗಳನ್ನು ಖಾಲಿ ಮಾಡಿದವು. ಇಟಲಿಯಲ್ಲಿ 1978ರ ಬಸಾಲಿಯಾ ಕಾನೂನು, ಅಂದರೆ ಮನೋವೈದ್ಯ ಫ್ರಾಂಕೊ ಬಸಾಲಿಯಾ ಅವರ ಹೆಸರಿನಿಂದ ಪ್ರಸಿದ್ಧವಾದ 180ನೇ ಕಾನೂನು, ಮಾನಸಿಕ ಆಸ್ಪತ್ರೆಗಳನ್ನು ಕ್ರಮೇಣ ಮುಚ್ಚುವುದಕ್ಕೆ ದಾರಿ ಮಾಡಿತು. ಇವು ಖಾಲಿಯಾದದ್ದು ದೆವ್ವದ ಕಾಟದಿಂದಲ್ಲ ಎಂಬುದನ್ನು ನಿಮ್ಮ ಅಡಿಬರಹ ಓದುವವರೂ ತಿಳಿಯಬೇಕು.

ನಮ್ಮ ದೇಶದ ಕಥೆ ಬೇರೆ. ಇಲ್ಲಿನ ಹಳೆಯ ಮಾನಸಿಕ ಆಸ್ಪತ್ರೆಗಳಲ್ಲಿ ಹಲವು ಪಾಳುಬೀಳಲಿಲ್ಲ, ಬೆಳೆದವು. ಧಾರವಾಡದಲ್ಲಿ 1845ರಿಂದ ಇರುವ ಸಂಸ್ಥೆ ಇಂದಿನ ಡಿಮ್ಹಾನ್ಸ್, ಬೆಂಗಳೂರಿನ ಹಳೆಯ ಆಸ್ಪತ್ರೆ 1974ರಲ್ಲಿ ನಿಮ್ಹಾನ್ಸ್ ಆಯಿತು, ಹೈದರಾಬಾದಿನ ಎರ್ರಗಡ್ಡದ ಆಸ್ಪತ್ರೆ ಇಂದಿಗೂ ನಡೆಯುತ್ತಿದೆ. ಆದ್ದರಿಂದ ಈ ಮೂರರ ಆವರಣಕ್ಕೆ ‘ಹಳೆಯ ವಾರ್ಡು’ ಹುಡುಕಿಕೊಂಡು ಕ್ಯಾಮೆರಾ ಹಿಡಿದು ಹೋಗುವ ಆಲೋಚನೆಯನ್ನು ದಯವಿಟ್ಟು ಬಿಡಿ. ಅಲ್ಲಿ ಇವತ್ತಿಗೂ ಚಿಕಿತ್ಸೆಗೆ ಬಂದವರಿದ್ದಾರೆ.

ಹಂತ 2: ಕಟ್ಟಡವನ್ನು ಆರಿಸಿಕೊಳ್ಳಿ

ಮೊದಲ ಅಭ್ಯಾಸಕ್ಕೆ ಬಾಗಿಲು ತೆರೆದಿರುವ, ಕಾವಲು ಇರುವ ಜಾಗವೇ ಒಳ್ಳೆಯದು. ಬೀದರಿನ ಹತ್ತಿರದ ಅಷ್ಟೂರಿನ ಬಹಮನಿ ಗೋರಿಗಳಲ್ಲಿ ಹುಮಾಯೂನ್ ಶಹಾನ ಗುಮ್ಮಟ ಒಡೆದು ಅರ್ಧ ಉಳಿದಿದೆ. ಕತ್ತಲ ಒಳಭಾಗಕ್ಕೆ ತೆರೆದ ಆಕಾಶದ ಬೆಳಕು ಬಿದ್ದಾಗ ಕ್ಯಾಮೆರಾ ಹೇಗೆ ತಡಬಡಿಸುತ್ತದೆ ಎಂಬುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆ ಸಿಗದು. ಕಲಬುರಗಿಯ ಹಫ್ತ್ ಗುಂಬಜ್ ಕೂಡ ಆಗಬಹುದು. ಇಂಥ ಸಂರಕ್ಷಿತ ಸ್ಮಾರಕಗಳಲ್ಲಿ ಕೈಯಲ್ಲಿ ಹಿಡಿದು ಚಿತ್ರ ತೆಗೆಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ, ಟ್ರೈಪಾಡ್ ಇಡಬೇಕೆಂದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಮುಂಚಿತವಾಗಿ ಕೇಳಬೇಕು.

ಆಮೇಲೆ ದವಾಖಾನೆಗೆ ಬನ್ನಿ. ಹಳೆಯ ಸರ್ಕಾರಿ ದವಾಖಾನೆಗಳನ್ನು ಗುರುತಿಸುವುದು ಕಷ್ಟವಲ್ಲ: ಎರಡೂ ಬದಿಗೆ ಎದುರುಬದುರು ಕಿಟಕಿಗಳಿರುವ ಉದ್ದನೆಯ ವಾರ್ಡು, ಮುಂದೆ ಕಂಬಗಳ ಪಡಸಾಲೆ, ಮಾಳಿಗೆಯ ಕೆಳಗೆ ಗವಾಕ್ಷಿಗಳ ಸಾಲು. ಗಾಳಿ ಆಡಬೇಕೆಂಬ ಹತ್ತೊಂಬತ್ತನೆಯ ಶತಮಾನದ ವೈದ್ಯಕೀಯ ಚಿಂತನೆ ಇಲ್ಲಿಯೂ ಗೋಡೆಯಾಗಿ ನಿಂತಿದೆ. ಊರ ಹಿರಿಯರನ್ನು ‘ಹಳೇ ದವಾಖಾನಿ ಎಲ್ಲಿತ್ತು’ ಎಂದು ಕೇಳಿದರೆ ನಕ್ಷೆಗಿಂತ ಬೇಗ ಉತ್ತರ ಸಿಗುತ್ತದೆ.

ಹಂತ 3: ಒಡೆಯರು ಯಾರೆಂದು ತಿಳಿದು ಲಿಖಿತ ಅನುಮತಿ ಪಡೆಯಿರಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಬೀಗವಿಲ್ಲದ ಕಟ್ಟಡ ಒಡೆಯರಿಲ್ಲದ ಕಟ್ಟಡವಲ್ಲ. ಅನುಮತಿಯಿಲ್ಲದೆ ಒಳಹೋದವರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಡಿ ಅಕ್ರಮ ಪ್ರವೇಶದ ದೂರು ಬರಬಹುದು. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಆ ಕಟ್ಟಡದಿಂದ ಹಿಂದೆ ಕಳುವಾದ ಬಾಗಿಲು, ತೊಲೆ, ಕಬ್ಬಿಣದ ಮಂಚಗಳ ಗುಮಾನಿಯೆಲ್ಲ ಆ ದಿನ ಅಲ್ಲಿ ಕಂಡ ಅಪರಿಚಿತರ ಮೇಲೆಯೇ ಬೀಳುತ್ತದೆ.

ಒಡೆಯರನ್ನು ಪತ್ತೆಮಾಡಲು ಜಾಗದಲ್ಲಿ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆಯಿರಿ. ಇದು ರಾಜ್ಯದ ಕಂದಾಯ ಇಲಾಖೆಯದು, ನೀವು ನಿಂತ ನೆಲದ ಸರ್ವೆ ನಂಬರನ್ನು ತೋರಿಸುತ್ತದೆ. ಆ ನಂಬರಿನ ಪಹಣಿಯಲ್ಲಿ, ಅಂದರೆ ಜಮೀನಿನ ಹಕ್ಕು ಮತ್ತು ಬಳಕೆಯನ್ನು ದಾಖಲಿಸುವ ಪತ್ರದಲ್ಲಿ, ಹೆಸರು ಸಿಗುತ್ತದೆ. ಊರೊಳಗಿನ ಆಸ್ತಿಯಾದರೆ ನಗರಸಭೆ ಅಥವಾ ಪಾಲಿಕೆಯ ಖಾತೆಯನ್ನು ನೋಡಬೇಕು. ಹಳ್ಳಿಯಲ್ಲಿ ಗ್ರಾಮ ಆಡಳಿತಾಧಿಕಾರಿಯನ್ನು ಭೇಟಿ ಮಾಡುವುದು ಎಲ್ಲಕ್ಕಿಂತ ಸುಲಭ.

ಸರ್ಕಾರಿ ದವಾಖಾನೆಯಾದರೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗೆ ಅರ್ಜಿ ಬರೆಯಿರಿ, ಕಟ್ಟಡ ಲೋಕೋಪಯೋಗಿ ಇಲಾಖೆಯ ವಶದಲ್ಲಿದ್ದರೆ ಅದರ ಪ್ರತಿಯನ್ನು ಆ ಇಲಾಖೆಗೂ ಕೊಡಿ. ವಾಡಿ, ಶಹಾಬಾದ್ ಕಡೆಯ ರೈಲ್ವೆ ಕಟ್ಟಡಗಳಿಗೆ ರೈಲ್ವೆಯ ಅನುಮತಿಯೇ ಬೇಕು, ರಾಜ್ಯದ ಅಧಿಕಾರಿಯ ಪತ್ರ ಅಲ್ಲಿ ನಡೆಯುವುದಿಲ್ಲ. ಅರ್ಜಿಯಲ್ಲಿ ಇಷ್ಟು ಸ್ಪಷ್ಟವಾಗಿರಲಿ: ನೀವು ಯಾರು, ಎಷ್ಟು ಜನ ಬರುತ್ತೀರಿ, ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಚಿತ್ರಗಳನ್ನು ಎಲ್ಲಿ ಬಳಸುತ್ತೀರಿ, ಯಾವ ವಸ್ತುವನ್ನೂ ಮುಟ್ಟುವುದಿಲ್ಲ ಎಂಬ ಮಾತು, ಮತ್ತು ಚಿತ್ರಗಳ ಒಂದು ಪ್ರತಿಯನ್ನು ಇಲಾಖೆಗೆ ಕೊಡುವ ಭರವಸೆ. ಕೊನೆಯದನ್ನು ಬಿಡಬೇಡಿ. ತಮ್ಮ ಹಳೆಯ ಕಟ್ಟಡದ ಒಳ್ಳೆಯ ಚಿತ್ರಗಳು ಯಾವ ಕಚೇರಿಗೂ ಬೇಡವಾಗುವುದಿಲ್ಲ. ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಹೊರಡಬೇಡಿ, ಹೇಳಿದವರು ವರ್ಗವಾಗಿ ಹೋಗಿರಬಹುದು. ಪತ್ರದ ಝೆರಾಕ್ಸ್ ಕೈಯಲ್ಲಿರಲಿ, ಇನ್ನೊಂದನ್ನು ಸ್ಥಳೀಯ ಠಾಣೆಗೆ ಕೊಟ್ಟಿರಿ.

ಡ್ರೋನ್ ಹಾರಿಸುವ ಆಸೆಯಿರುವವರು ಎರಡು ಪಟ್ಟು ಎಚ್ಚರದಿಂದಿರಬೇಕು. ಬೀದರಿನಲ್ಲಿ ವಾಯುಪಡೆಯ ನೆಲೆಯಿದೆ, ಕಲಬುರಗಿಯಲ್ಲಿ 2019ರಿಂದ ವಿಮಾನ ನಿಲ್ದಾಣವಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಲಾಗಿದೆ. ಕೆಂಪು ವಲಯದಲ್ಲಿ ಹಾರಿಸಲು ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಈ ವಲಯಗಳನ್ನು ತೋರಿಸುವ ಸರ್ಕಾರಿ ಡಿಜಿಟಲ್ ಸ್ಕೈ ನಕ್ಷೆಯನ್ನು ನೋಡದೆ ಬೀದರ್ ಸುತ್ತಮುತ್ತ ಡ್ರೋನ್ ಪೆಟ್ಟಿಗೆಯನ್ನು ತೆರೆಯಲೂ ಬೇಡಿ.

ಹಂತ 4: ಕಟ್ಟಡದ ವಯಸ್ಸನ್ನು ಓದಿ

ನಮ್ಮ ಭಾಗ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆದ್ದರಿಂದ ಹಳೆಯ ಕಟ್ಟಡದ ಕಲ್ಲುಫಲಕದಲ್ಲಿ ಉರ್ದು ಬರಹ, ಉರ್ದು ಅಂಕಿಗಳು ಮತ್ತು ಫಸಲಿ ಇಸವಿ ಇರುವುದು ಸಹಜ. ಫಸಲಿ ಎಂದರೆ ಕಂದಾಯ ವಸೂಲಿಗೆ ಬಳಸುತ್ತಿದ್ದ, ಫಸಲಿನ ಲೆಕ್ಕದ ವರ್ಷ. ಅದಕ್ಕೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಕ್ರಿಸ್ತಶಕದ ಇಸವಿ ಸಿಗುತ್ತದೆ, ವರ್ಷದ ಉಳಿದ ಬಹುಪಾಲು ತಿಂಗಳುಗಳು ಮುಂದಿನ ಇಸವಿಗೆ ಬೀಳುತ್ತವೆ. ಫಲಕದಲ್ಲಿ 1347 ಫಸಲಿ ಎಂದಿದ್ದರೆ ಅದು 1937-38. ಇದನ್ನು ಹಿಜರಿ ಇಸವಿಯೆಂದು ತಪ್ಪಾಗಿ ಓದಿದರೆ ಕಟ್ಟಡಕ್ಕೆ ಒಂಬತ್ತು ವರ್ಷ ಹೆಚ್ಚು ವಯಸ್ಸಾಗುತ್ತದೆ. ಉರ್ದು ಬಲ್ಲ ಹಿರಿಯರು ಕಲಬುರಗಿ, ಬೀದರುಗಳ ಪ್ರತಿ ಮೊಹಲ್ಲಾದಲ್ಲಿದ್ದಾರೆ, ಫಲಕದ ನೇರ ಚಿತ್ರವೊಂದನ್ನು ತೆಗೆದು ಅವರಿಗೆ ತೋರಿಸಿದರೆ ಸಂತೋಷದಿಂದ ಓದಿಕೊಡುತ್ತಾರೆ.

ಕಾಗದಪತ್ರ ಹುಡುಕುವಾಗ ಹೆಸರುಗಳ ಬದಲಾವಣೆಯನ್ನು ನೆನಪಿಡಿ. ಕಲಬುರಗಿ 2014ರ ನವೆಂಬರ್‌ವರೆಗೆ ಅಧಿಕೃತವಾಗಿ ಗುಲ್ಬರ್ಗಾ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗುವ ಮೊದಲು ಗುಲ್ಬರ್ಗಾ ಜಿಲ್ಲೆಯ ಭಾಗವಾಗಿದ್ದುದರಿಂದ ಅದರ ಹಳೆಯ ಕಡತಗಳು ಆ ಹೆಸರಿನಲ್ಲಿಯೇ ಸಿಗುತ್ತವೆ.

ಹಂತ 5: ಕ್ಯಾಮೆರಾ ಇಲ್ಲದೆ ಒಮ್ಮೆ ಹೋಗಿ ಅಪಾಯಗಳನ್ನು ಗುರುತಿಸಿ

ಮೊದಲ ಭೇಟಿ ಹಗಲಿನಲ್ಲಿ, ಕನಿಷ್ಠ ಇಬ್ಬರು, ಬರಿಗೈಯಲ್ಲಿ. ಕಣ್ಣಿಗೆ ಕ್ಯಾಮೆರಾ ಹಿಡಿದವರಿಗೆ ಕಾಲಬುಡ ಕಾಣುವುದಿಲ್ಲ.

ಮಾಳಿಗೆಯನ್ನು ಮೊದಲು ನೋಡಿ. ನಮ್ಮಲ್ಲಿ ಮರದ ತೊಲೆ ಅಥವಾ ಕಬ್ಬಿಣದ ಪಟ್ಟಿಗಳ ಮೇಲೆ ಶಹಾಬಾದ್ ಫರಸಿ ಕಲ್ಲು ಹಾಸಿ, ಮೇಲೆ ಮಣ್ಣು ಗಚ್ಚು ಹೊದಿಸಿದ ಮಾಳಿಗೆಗಳು ಹೆಚ್ಚು. ಸೋರಿದ ನೀರು ಮೊದಲು ಕೆಡಿಸುವುದು ತೊಲೆಯ ತುದಿಯನ್ನು, ಅಂದರೆ ಗೋಡೆಯೊಳಗೆ ಹುದುಗಿ ನಮಗೆ ಕಾಣದ ಭಾಗವನ್ನು. ಕಾಂಕ್ರೀಟು ಬೀಳುವ ಮೊದಲು ಬಿರುಕು ಬಿಟ್ಟು, ಉಬ್ಬಿ, ಸ್ವಲ್ಪವಾದರೂ ಸೂಚನೆ ಕೊಡುವುದುಂಟು. ಫರಸಿ ಕಲ್ಲು ಹಾಗಲ್ಲ, ಗಟ್ಟಿಯಾಗಿ ಕಾಣುತ್ತಲೇ ಇದ್ದು ಒಮ್ಮೆಗೇ ತುಂಡಾಗುತ್ತದೆ. ಆದ್ದರಿಂದ ಮಾಳಿಗೆಯ ಮೇಲೆ ಹತ್ತಲೇಬಾರದು. ತಲೆಯ ಮೇಲಿನ ಕಲ್ಲಿನಲ್ಲಿ ತೇವದ ಕಲೆ, ತೊಲೆಯಲ್ಲಿ ಗೆದ್ದಲಿನ ಮಣ್ಣಿನ ಗೆರೆ, ನೆಲದ ಮೇಲೆ ಹೊಸದಾಗಿ ಬಿದ್ದ ಗಚ್ಚಿನ ಪುಡಿ, ಈ ಮೂರರಲ್ಲಿ ಯಾವುದು ಕಂಡರೂ ಆ ಕೋಣೆಯನ್ನು ಬಾಗಿಲಿನಿಂದಲೇ ನೋಡಿ ಬಿಡಿ.

ಗೋಡೆಗಳ ಮಾತು. ಎರೆ ಭೂಮಿ ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ, ಮಳೆಗೆ ಹಿಗ್ಗುತ್ತದೆ, ಅದರ ಮೇಲಿನ ತಳಪಾಯ ಪ್ರತಿ ವರ್ಷ ಅಲುಗಾಡುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ಬಿರುಕುಗಳಿಗೆ ಇದೇ ಕಾರಣ. ಮಳೆ ಹಿಡಿದ ದಿನಗಳಲ್ಲಿ ಮಣ್ಣಿನ ಗಾರೆಯ ಗೋಡೆ ನೀರು ಕುಡಿದು ಭಾರವಾಗಿ ಕುಸಿಯುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಇಂಥ ಕಟ್ಟಡಗಳ ಒಳಗೆ ಹೋಗದಿರುವುದೇ ಲೇಸು, ಹಸಿರು ಎಷ್ಟೇ ಚೆಂದ ಕಂಡರೂ.

ಅಂಗಳದಲ್ಲಿ ಜಾಲಿ ಬೆಳೆದಿರುತ್ತದೆ. ಅದರ ಮುಳ್ಳು ತೆಳ್ಳನೆಯ ಬೂಟಿನ ಅಟ್ಟೆಯನ್ನು ದಾಟಿ ಬರುತ್ತದೆ. ಮುಳ್ಳಿಗಿಂತ ಭಯಪಡಬೇಕಾದದ್ದು ಅದು ಮುಚ್ಚಿಟ್ಟ ನೆಲ: ಹಳೆಯ ಬಾವಿಗೆ, ಶೌಚದ ಗುಂಡಿಗೆ ಫರಸಿ ಕಲ್ಲು ಮುಚ್ಚಿ ಬಿಟ್ಟಿರುತ್ತಾರೆ. ಕೋಲಿನಿಂದ ತಟ್ಟಿ ನೋಡದೆ ಹೆಜ್ಜೆ ಇಡಬೇಡಿ. ಕೋಲಿನ ಸದ್ದಿಗೆ ಹಾವುಗಳೂ ಸರಿಯುತ್ತವೆ. ನಾಗರ, ಕೊಳಕುಮಂಡಲ, ಉರಿಮಂಡಲ, ಕಟ್ಟುಹಾವು ನಾಲ್ಕೂ ನಮ್ಮ ಭಾಗದಲ್ಲಿವೆ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ನಾಟಿ ಮದ್ದು ಹುಡುಕುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ, 108ಕ್ಕೆ ಕರೆ ಮಾಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಸೇರಬೇಕು. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಇವೆ. ಹೊರಡುವ ಮೊದಲೇ ದಾರಿ ತಿಳಿದಿರಲಿ.

ದವಾಖಾನೆಗೇ ವಿಶೇಷವಾದ ಅಪಾಯಗಳು ಬೇರೆ. ಕಸದಲ್ಲಿ ಹಳೆಯ ಸೂಜಿಗಳಿರುತ್ತವೆ, ಒಡೆದ ರಕ್ತದೊತ್ತಡದ ಯಂತ್ರದಿಂದ ಪಾದರಸ ಚೆಲ್ಲಿರುತ್ತದೆ, ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುತ್ತದೆ. ಎಕ್ಸ್‌ರೇ ಯಂತ್ರದ ಬಗ್ಗೆ ಅನೇಕರು ಅನಗತ್ಯವಾಗಿ ಹೆದರುತ್ತಾರೆ, ವಿದ್ಯುತ್ ಇಲ್ಲದ ಎಕ್ಸ್‌ರೇ ಯಂತ್ರದಿಂದ ವಿಕಿರಣ ಬರುವುದಿಲ್ಲ. ನಿಜವಾಗಿ ಹೆದರಬೇಕಾದದ್ದು ಕ್ಯಾನ್ಸರ್ ಚಿಕಿತ್ಸೆಗೆ ಬಳಸುತ್ತಿದ್ದ ವಿಕಿರಣದ ಆಕರಕ್ಕೆ, ಅಂದರೆ ವಿದ್ಯುತ್ ಇಲ್ಲದೆಯೂ ತಾನೇ ವಿಕಿರಣ ಸೂಸುವ ಲೋಹದ ಡಬ್ಬಿಗೆ. ಬ್ರೆಜಿಲ್‌ನ ಗೊಯಾನಿಯಾ ಊರಿನಲ್ಲಿ 1987ರಲ್ಲಿ ಬಿಟ್ಟುಹೋದ ಚಿಕಿತ್ಸಾಲಯವೊಂದಕ್ಕೆ ನುಗ್ಗಿದವರು ಅಂಥ ಯಂತ್ರದ ಭಾಗವನ್ನು ಗುಜರಿಗೆ ಒಯ್ದರು. ಒಳಗಿದ್ದ ಸೀಸಿಯಂ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು, ಅದರ ಚೆಲುವಿಗೆ ಮರುಳಾಗಿ ಮನೆಮನೆಗೆ ಹಂಚಿಕೊಂಡರು. ನಾಲ್ವರು ಸತ್ತರು, 249 ಜನರಿಗೆ ವಿಕಿರಣ ಸೂಸುವ ಪುಡಿ ತಗುಲಿತ್ತು. ದಪ್ಪ ಸೀಸದ ಹೊದಿಕೆಯ, ತೂಕದ, ಮೂರೆಸಳಿನ ವಿಕಿರಣ ಗುರುತಿನ ಯಾವ ವಸ್ತು ಕಂಡರೂ ಹತ್ತಿರ ಹೋಗದೆ ಹೊರಬಂದು 112ಕ್ಕೆ ತಿಳಿಸಿ.

ಇನ್ನೊಂದು ಸಾಧ್ಯತೆಗೂ ಮನಸ್ಸು ಸಿದ್ಧವಾಗಿರಲಿ. ಖಾಲಿ ಕಟ್ಟಡದಲ್ಲಿ ಮನೆಯಿಲ್ಲದವರು, ಕೆಲವೊಮ್ಮೆ ಮಾನಸಿಕ ಕಾಯಿಲೆಯಿಂದ ಅಲೆಯುತ್ತಿರುವವರು ಆಸರೆ ಪಡೆದಿರುತ್ತಾರೆ. ಅವರ ಚಿತ್ರ ತೆಗೆಯಬಾರದು, ಓಡಿಸಬಾರದು. ಅಂಥವರು ಅಪಾಯದಲ್ಲಿದ್ದರೆ ಅವರನ್ನು ರಕ್ಷಣೆಗೆ ಪಡೆದು ಆರೋಗ್ಯ ಸಂಸ್ಥೆಗೆ ಕರೆದೊಯ್ಯುವ ಹೊಣೆಯನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಮು ಪೊಲೀಸರಿಗೆ ವಹಿಸಿದೆ. ಏನು ಮಾಡಬೇಕೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕೇಳಬಹುದು, ಕರೆ ಉಚಿತ. ಆ ದಿನದ ಚಿತ್ರೀಕರಣವನ್ನು ಅಲ್ಲಿಗೇ ಬಿಟ್ಟು ಬನ್ನಿ.

ಹಂತ 6: ಸಾಮಗ್ರಿ

ದಪ್ಪ ಅಟ್ಟೆಯ, ಪಾದದ ಗಂಟಿಗಿಂತ ಮೇಲೆ ಬರುವ ಬೂಟು, ಉದ್ದ ಪ್ಯಾಂಟು, ಎನ್95 ಮಾಸ್ಕು, ತಲೆಗೆ ಹೆಲ್ಮೆಟ್ಟು, ಕೈಗವಸು, ಎರಡು ಟಾರ್ಚು, ಕುಡಿಯುವ ನೀರು. ಬಾವಲಿ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕಿನ ಬದಲು ಟವೆಲು ಕಟ್ಟಿಕೊಂಡರೆ ಸಾಲದು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ ಬೆಳಿಗ್ಗೆ ಹತ್ತರೊಳಗೆ ಕೆಲಸ ಮುಗಿಸಿ. ಕ್ಯಾಮೆರಾ ಯಾವುದಾದರೂ ಆದೀತು, ಒಳ್ಳೆಯ ಮೊಬೈಲೂ ಸಾಕು. ಟ್ರೈಪಾಡ್ ಮಾತ್ರ ಇರಲೇಬೇಕು. ಮನೆಯವರಿಗೆ ಜಾಗ ಮತ್ತು ಮರಳುವ ಹೊತ್ತು ತಿಳಿಸಿರಬೇಕು.

ಹಂತ 7: ಬೆಳಕನ್ನು ಕಾಯಿರಿ

ಕಲಬುರಗಿ ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಎರಡನೆಯ ವಾರದ ಹೊತ್ತಿಗೆ ನಡುಹಗಲ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ, ಆಗ ಕಿಟಕಿಯಿಂದ ನೇರ ಬಿಸಿಲು ಒಳಗೆ ಬರುವುದಿಲ್ಲ, ಕೋಣೆ ಮಂಕಾಗಿ ಹೊರಗು ಬೆಳ್ಳಗೆ ಉರಿಯುತ್ತದೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲಿನಲ್ಲಿಯೂ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 49 ಡಿಗ್ರಿ ಎತ್ತರದಲ್ಲಿರುತ್ತಾನೆ, ದಕ್ಷಿಣದ ಕಿಟಕಿಗಳಿಂದ ಬೆಳಕು ನೆಲದ ಮೇಲೆ ಉದ್ದಕ್ಕೆ ಚಾಚುತ್ತದೆ. ಆದ್ದರಿಂದ ನವೆಂಬರ್‌ನಿಂದ ಫೆಬ್ರವರಿಯವರೆಗೆ ಈ ಕೆಲಸಕ್ಕೆ ಸುಗ್ಗಿ. ಮಳೆಗಾಲದ ತೇವ ಆರಿರುತ್ತದೆ, ಬಿಸಿಲಿನ ಕಾಟವೂ ಇರುವುದಿಲ್ಲ.

ಒಳಗಿನ ಕತ್ತಲು ಹೊರಗಿನ ಬಿಸಿಲು ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯಲು ಬ್ರ್ಯಾಕೆಟಿಂಗ್ ಮಾಡಿ. ಅಂದರೆ ಕ್ಯಾಮೆರಾ ಅಲುಗದಂತೆ ಇಟ್ಟು, ಅದೇ ನೋಟವನ್ನು ಒಂದು ಸರಿಯಾಗಿ, ಒಂದು ಎರಡು ಸ್ಟಾಪ್ ಕಡಿಮೆ, ಒಂದು ಎರಡು ಸ್ಟಾಪ್ ಹೆಚ್ಚು ಬೆಳಕಿನಲ್ಲಿ ತೆಗೆದು ಆಮೇಲೆ ಜೋಡಿಸುವುದು. ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು ಅಥವಾ ಅರ್ಧದಷ್ಟಾಗುವುದು. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯ ಅಳತೆ) ಎಫ್8 ಇಟ್ಟುಕೊಂಡರೆ ಹತ್ತಿರದ ಗೋಡೆಯೂ ದೂರದ ಬಾಗಿಲೂ ಸ್ಪಷ್ಟವಾಗಿರುತ್ತವೆ. ಜೋಡಿಸುವಾಗ ಕತ್ತಲನ್ನೆಲ್ಲ ಅಳಿಸಿ ಬಣ್ಣಗಳನ್ನು ಕುದಿಸಿಬಿಡುವುದು ಬಹಳ ಜನ ಮಾಡುವ ತಪ್ಪು. ಮೂಲೆಯಲ್ಲಿ ಕತ್ತಲಿದ್ದರೆ ಕತ್ತಲೇ ಇರಲಿ. ಫ್ಲ್ಯಾಷ್ ಬೇಡ, ಅದು ಶತಮಾನದ ಧೂಳನ್ನು ಮದುವೆಮನೆಯ ಗೋಡೆಯಂತೆ ತೋರಿಸುತ್ತದೆ. ಕ್ಯಾಮೆರಾವನ್ನು ಎದೆಯ ಎತ್ತರದಲ್ಲಿ ಸಮವಾಗಿ ಇಟ್ಟು ಗೋಡೆಯ ನಿಲುವು ಗೆರೆಗಳು ನೆಟ್ಟಗಿರುವಂತೆ ನೋಡಿಕೊಳ್ಳಿ. ಓರೆ ಕೋನದಿಂದ ಭಯ ಹುಟ್ಟಿಸುವ ಚಿತ್ರಗಳು ಕಟ್ಟಡದ ಬಗ್ಗೆ ಏನನ್ನೂ ಹೇಳುವುದಿಲ್ಲ.

ದೊಡ್ಡ ನೋಟ ಮುಗಿದ ಮೇಲೆ ಹತ್ತಿರ ಹೋಗಿ. ಗೋಡೆಯ ಬಣ್ಣವನ್ನು ಎರಡು ಗೇಣು ದೂರದಿಂದ ನೋಡಿ. ದವಾಖಾನೆಯ ಗೋಡೆಗೆ ಎದೆಮಟ್ಟದವರೆಗೆ ತೊಳೆಯಲು ಬರುವ ಎಣ್ಣೆ ಬಣ್ಣ, ಅಲ್ಲಿಂದ ಮೇಲಕ್ಕೆ ಸುಣ್ಣ ಹಚ್ಚಿರುವುದು ರೂಢಿ. ಎಣ್ಣೆ ಬಣ್ಣ ತೇವವನ್ನು ಹೊರಬಿಡದೆ ತಡೆಹಿಡಿಯುವುದರಿಂದ ಒಳಗಿನಿಂದ ತಳ್ಳಲ್ಪಟ್ಟು ಒಣಗಿದ ಎಲೆಯಂತೆ ಸುರುಳಿಯಾಗಿ ಏಳುತ್ತದೆ. ಸುಣ್ಣ ಉಸಿರಾಡುವ ವಸ್ತುವಾದ್ದರಿಂದ ಸುರುಳಿಯಾಗದೆ ಪದರ ಪದರವಾಗಿ ಉದುರುತ್ತದೆ, ಉದುರಿದಲ್ಲಿ ಹಿಂದಿನ ವರ್ಷಗಳ ನೀಲಿ ಬೆರೆಸಿದ ಸುಣ್ಣ, ಅದರ ಕೆಳಗೆ ಹಳದಿ, ಅದರ ಕೆಳಗೆ ಗಚ್ಚಿನ ಬೂದು ಕಾಣುತ್ತದೆ. ಎರಡೂ ಸೇರುವ ಗೆರೆಯಲ್ಲಿ ಆ ಕೋಣೆಯನ್ನು ಎಷ್ಟು ಸಲ ತೊಳೆದು ಬಳಿದು ಕಾಪಾಡಿದ್ದರೆಂಬ ಇತಿಹಾಸವೇ ಇದೆ. ಪಕ್ಕದಿಂದ ಬೀಳುವ ಬೆಳಕಿನಲ್ಲಿ ಆ ಗೆರೆಯನ್ನು ತೆಗೆಯಿರಿ. ಬಾಗಿಲಿನ ಚಿಲಕ ಯಾವ ಬದಿಗಿದೆ ಎಂಬುದನ್ನೂ ಗಮನಿಸಿ. ಮಾನಸಿಕ ಆಸ್ಪತ್ರೆಗಳಲ್ಲಿ ಅದು ಹೊರಬದಿಗೆ ಇರುತ್ತಿತ್ತು, ಒಂದೇ ಒಂದು ಚಿಲಕದ ಚಿತ್ರ ಅಲ್ಲಿನ ಬದುಕನ್ನು ಹತ್ತು ಕಾರಿಡಾರುಗಳಿಗಿಂತ ಚೆನ್ನಾಗಿ ಹೇಳಬಲ್ಲದು.

ಹಂತ 8: ಮುಟ್ಟಬಾರದ್ದು, ತೋರಿಸಬಾರದ್ದು

ಯಾವ ವಸ್ತುವನ್ನೂ ಸರಿಸಿ ಜೋಡಿಸಬೇಡಿ. ಗಾಲಿಕುರ್ಚಿಯನ್ನು ಬೆಳಕಿನ ನಡುವೆ ತಂದಿಡುವುದು, ಗೊಂಬೆಯನ್ನು ಮಂಚದ ಮೇಲೆ ಮಲಗಿಸುವುದು ಚಿತ್ರವನ್ನು ಸುಳ್ಳಾಗಿಸುತ್ತದೆ. ನೆನಪಿಗೆಂದು ಏನನ್ನೂ ತರುವುದು ಕಳವು.

ರೋಗಿಗಳ ನೋಂದಣಿ ಪುಸ್ತಕ, ಕೇಸ್ ಪೇಪರು, ಎಕ್ಸ್‌ರೇ ಹಾಳೆ ಬಿದ್ದಿದ್ದರೆ ಓದಬೇಡಿ, ಚಿತ್ರ ತೆಗೆಯಬೇಡಿ, ಅನುಮತಿ ಕೊಟ್ಟ ಕಚೇರಿಗೆ ತಿಳಿಸಿ. ನ್ಯೂಯಾರ್ಕ್ ರಾಜ್ಯದ ವಿಲಾರ್ಡ್ ಆಸ್ಪತ್ರೆ 1995ರಲ್ಲಿ ಮುಚ್ಚಿದಾಗ ಅದರ ಅಟ್ಟದ ಮೇಲೆ ರೋಗಿಗಳು ಸೇರುವಾಗ ತಂದಿದ್ದ ಸುಮಾರು 400 ಪೆಟ್ಟಿಗೆಗಳು ಸಿಕ್ಕವು. ಅವು ಕಸದ ಪಾಲಾಗದೆ ರಾಜ್ಯದ ವಸ್ತುಸಂಗ್ರಹಾಲಯವನ್ನು ಸೇರಿದವು. ಅವುಗಳ ಚಿತ್ರಗಳು ಲೋಕಪ್ರಸಿದ್ಧವಾದರೂ ಒಡೆಯರ ಪೂರ್ಣ ಹೆಸರುಗಳನ್ನು ಮರೆಮಾಡಿಯೇ ತೋರಿಸಲಾಯಿತು. ನಮ್ಮಲ್ಲಿ 2017ರ ಕಾಯ್ದೆಯ 23 ಮತ್ತು 24ನೇ ಕಲಮುಗಳು ಮಾನಸಿಕ ಕಾಯಿಲೆಯುಳ್ಳವರ ಮಾಹಿತಿಯ ಗೋಪ್ಯತೆಯನ್ನು ಕಾಯುತ್ತವೆ, ಚಿಕಿತ್ಸೆಯಲ್ಲಿರುವವರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವುದನ್ನು ತಡೆಯುತ್ತವೆ. ಕಾನೂನು ಮುಟ್ಟದ ಹಳೆಯ ಕಾಗದಕ್ಕೂ ಇದೇ ಮರ್ಯಾದೆ ಸಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕಲಬುರಗಿಯಂಥ ಊರಿನಲ್ಲಿ ಮನೆತನದ ಹೆಸರೊಂದು ಕಂಡರೆ ಇವತ್ತಿಗೂ ಮದುವೆಯ ಮಾತು ನಿಂತುಹೋಗಬಹುದು.

ಗೋಡೆಯ ಮೇಲೆ ಗೀಚಿದ ಬರಹಗಳನ್ನು ವಿವೇಚಿಸಿ ತೆಗೆಯಿರಿ. ಇಟಲಿಯ ವೊಲ್ತೆರ್ರಾ ಆಸ್ಪತ್ರೆಯಲ್ಲಿದ್ದ ಫೆರ್ನಾಂದೊ ಒರೆಸ್ತೆ ನನ್ನೆತ್ತಿ ಎಂಬುವರು ತಮ್ಮ ಸಮವಸ್ತ್ರದ ಬಕಲಿನಿಂದ ಅಂಗಳದ ಗೋಡೆಯ ಗಾರೆಯ ಮೇಲೆ ವರ್ಷಗಟ್ಟಲೆ ಕೊರೆದ ಬರಹ ಸುಮಾರು 180 ಮೀಟರ್ ಉದ್ದವಿತ್ತು. ಅದು ಇಂದು ಕಲೆಯೆಂದು ಮಾನ್ಯವಾಗಿದೆ. ಬರಹವನ್ನು ತೆಗೆಯಬಹುದು, ಅದರಲ್ಲಿ ಖಾಸಗಿ ವ್ಯಕ್ತಿಯ ಹೆಸರೋ ವಿಳಾಸವೋ ಇದ್ದರೆ ಪ್ರಕಟಿಸುವಾಗ ಮರೆಮಾಡಿ.

ಹಂತ 9: ಅಡಿಬರಹ ಮತ್ತು ಸಂಗ್ರಹ

ಅಡಿಬರಹದಲ್ಲಿ ‘ಹುಚ್ಚಾಸ್ಪತ್ರೆ’, ‘ದೆವ್ವದ ಬಂಗಲೆ’ ಎಂಬ ಮಾತುಗಳು ಬೇಡ. ಒಮ್ಮೆ ಆ ಹೆಸರು ಅಂಟಿತೆಂದರೆ ರಾತ್ರಿ ಬೈಕಿನಲ್ಲಿ ಹುಡುಗರ ಗುಂಪು ಬರತೊಡಗುತ್ತದೆ, ಆ ವರ್ಷವೇ ಬಾಗಿಲು ಕಿಟಕಿ ಮಾಯವಾಗುತ್ತವೆ. ಕಟ್ಟಡ ಏನಾಗಿತ್ತು, ಯಾವಾಗ ಕಟ್ಟಿದ್ದು, ಯಾವುದರಿಂದ ಕಟ್ಟಿದ್ದು, ಯಾರ ಅನುಮತಿಯಿಂದ ತೆಗೆದದ್ದು, ಇಷ್ಟನ್ನು ಬರೆಯಿರಿ. ಕಾವಲಿಲ್ಲದ ಕಟ್ಟಡವಾದರೆ ಊರಿನ ಹೆಸರು ಸಾಕು, ನಿಖರವಾದ ಜಾಗ ಬೇಡ. ಮೊಬೈಲ್ ಚಿತ್ರದೊಳಗೆ ತಾನಾಗಿಯೇ ಸೇರುವ ಜಿಪಿಎಸ್ ಗುರುತನ್ನು ಪ್ರಕಟಿಸುವ ಮೊದಲು ಅಳಿಸಿ, ಇಲಾಖೆಗೆ ಕೊಡುವ ಪ್ರತಿಯಲ್ಲಿ ಉಳಿಸಿ.

ಹೊರದೇಶದಲ್ಲಿರುವ ನಮ್ಮವರಿಗೆ ಒಂದು ಮಾತು. ಬೇಲಿ ಹಾರುವ ಅಗತ್ಯವೇ ಇಲ್ಲ. ವೆಸ್ಟನ್‌ನ ಆಸ್ಪತ್ರೆ 1994ರಲ್ಲಿ ಮುಚ್ಚಿದ್ದು, ಈಗ ಟಿಕೆಟ್ ಕೊಟ್ಟು ನೋಡಬಹುದು. ಅಲ್ಲಿ ಇತಿಹಾಸದ ಪ್ರವಾಸವನ್ನು ಆರಿಸಿಕೊಳ್ಳಿ, ದೆವ್ವದ ಪ್ರವಾಸವನ್ನಲ್ಲ. ಬಫಲೊ ನಗರದ ಹಳೆಯ ಆಸ್ಪತ್ರೆಯ ನಡುಭಾಗ 2017ರಲ್ಲಿ ಹೋಟೆಲಾಗಿ ತೆರೆಯಿತು. ಮ್ಯಾಸಚೂಸೆಟ್ಸ್‌ನ ಡ್ಯಾನ್ವರ್ಸ್ ಆಸ್ಪತ್ರೆಯ ಬಹುಭಾಗ ಮತ್ತು ನ್ಯೂಜೆರ್ಸಿಯ ಗ್ರೇಸ್ಟೋನ್ ಆಸ್ಪತ್ರೆಯ ಮುಖ್ಯ ಕಟ್ಟಡ ನೆಲಸಮವಾಗಿವೆ, ಹಳೆಯ ಚಿತ್ರ ನೋಡಿ ಅಲ್ಲಿಗೆ ಹೊರಡಬೇಡಿ. ಒಹಾಯೊದ ಅಥೆನ್ಸ್‌ನಲ್ಲಿ ಆಸ್ಪತ್ರೆಯ ಸ್ಮಶಾನವಿದೆ, ಅನೇಕ ಕಲ್ಲುಗಳ ಮೇಲೆ ಹೆಸರಿಲ್ಲ, ಅಂಕಿ ಮಾತ್ರ ಇದೆ. ಅಲ್ಲಿ ಹೋಗುವವರು ಕ್ಯಾಮೆರಾ ತೆಗೆಯುವ ಮೊದಲು ಸ್ವಲ್ಪ ಹೊತ್ತು ನಿಲ್ಲಿ.

ಮೂಲ ಚಿತ್ರಗಳನ್ನು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಲ್ಲಿ ಇಡಿ. ಕಡತದ ಹೆಸರಿನಲ್ಲಿ ಊರು, ಕಟ್ಟಡ, ಕೋಣೆ, ದಿನಾಂಕ ಈ ಕ್ರಮದಲ್ಲಿರಲಿ. ಪ್ರತಿ ಕೋಣೆಯನ್ನು ನಾಲ್ಕೂ ಮೂಲೆಗಳಿಂದ ತೆಗೆದ ಒಂದೊಂದು ಸಾದಾ ಚಿತ್ರ, ಅಳತೆಯ ಟೇಪು ಹಿಡಿದು ತೆಗೆದ ಬಾಗಿಲು ಕಿಟಕಿಗಳ ಚಿತ್ರ, ಕೈಯಿಂದ ಬರೆದ ನೆಲನಕ್ಷೆ ಇವನ್ನೂ ಅದೇ ಕಡತದಲ್ಲಿ ಸೇರಿಸಿ, ಭರವಸೆ ಕೊಟ್ಟಂತೆ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ಅನುಮತಿ ಪತ್ರದ ನಂಬರು ಬರೆದ ಲಕೋಟೆಯೊಂದಿಗೆ ಕಚೇರಿಗೆ ಕೊಟ್ಟು, ಆವಕ ವಿಭಾಗದಿಂದ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅದೇ ಇಲಾಖೆಯ ಇನ್ನೊಂದು ಕಟ್ಟಡಕ್ಕೆ ಅರ್ಜಿ ಹಾಕುವಾಗ ಆ ಮುದ್ರೆಯ ಪ್ರತಿಯನ್ನು ಲಗತ್ತಿಸಿ.